ಕಳಲೆ ‘ಕಳ್ಳರು’ ಎಂದು ಬರೆದವರು ನಾವೇ

ಮಳೆ ಹಿಡಿದು ಹದಿನೈದು ದಿನ ಆಯಿತೆಂದರೆ ನಮ್ಮಂಥ ಜಿಲ್ಲಾ ವರದಿಗಾರರ ವಾಟ್ಸಾಪ್‌ಗೆ ಒಂದು ಫೋಟೊ ತಪ್ಪದೆ ಬರುತ್ತದೆ. ಹಿಂದೆ ಸಾಲಾಗಿ ನಿಂತ ಸಮವಸ್ತ್ರದವರು, ಮುಂದೆ ನೆಲದಲ್ಲಿ ಕೂತ ಇಬ್ಬರು ಹೆಂಗಸರು, ಅವರೆದುರು ಒಂದು ಚೀಲ ಕಳಲೆ. ‘ಅಕ್ರಮ ಕಳಲೆ ಸಂಗ್ರಹ: ಇಬ್ಬರು ವಶಕ್ಕೆ.’ ನಾವು ಕಾಗುಣಿತ ತಿದ್ದಿ ಡೆಸ್ಕಿಗೆ ತಳ್ಳುತ್ತೇವೆ. ಕಳೆದ ವರ್ಷವೂ ತಳ್ಳಿದೆವು. ಹಾಡಿಗೆ ಹೋಗಲಿಲ್ಲ, ಆ ಹೆಂಗಸರನ್ನು ಒಂದು ಮಾತು ಕೇಳಲಿಲ್ಲ. ಅದೇ ವಾರ ನಮ್ಮ ಪತ್ರಿಕೆಯ ಪುರವಣಿಯಲ್ಲಿ ಕಳಲೆ ಪಲ್ಯ ಮಾಡುವ ವಿಧಾನ ಬಣ್ಣದಲ್ಲಿ ಅಚ್ಚಾಗಿತ್ತು. ಪಲ್ಯಕ್ಕೆ ಕಳಲೆ ಎಲ್ಲಿಂದ ಬರಬೇಕಂತೆ?

2006ರ ಅರಣ್ಯ ಹಕ್ಕು ಕಾಯ್ದೆ ಬಿದಿರನ್ನು, ಜೇನನ್ನು, ಗೆಡ್ಡೆಗೆಣಸನ್ನು ಕಿರು ಅರಣ್ಯ ಉತ್ಪನ್ನ ಎಂದು ಕರೆದು, ಪರಂಪರೆಯಿಂದ ಸಂಗ್ರಹಿಸುತ್ತ ಬಂದವರಿಗೆ ಅದರ ಒಡೆತನವನ್ನೇ ಕೊಟ್ಟಿದೆ. ಮಾರುವ ಹಕ್ಕೂ ಇದೆ. ಹುಲಿ ಕಾಡು ಎಂಬ ನೆಪವೂ ನಡೆಯದು: 2011ರಲ್ಲಿ ಬಿಳಿಗಿರಿರಂಗನ ಬೆಟ್ಟದ ಸೋಲಿಗರಿಗೆ ಹುಲಿ ಸಂರಕ್ಷಿತ ಪ್ರದೇಶದೊಳಗೇ ಸಮುದಾಯ ಹಕ್ಕು ಸಿಕ್ಕಿತು. (ನಮ್ಮ ಡಿಪ್ಲೊಮಾದಲ್ಲಿ ಈ ಕಾಯ್ದೆ ಅರ್ಧ ಗಂಟೆಯ ಪಾಠ. ಆದರೂ ನೆಪ ಹೇಳುವಂತಿಲ್ಲ, ಓದಲು ಬರುತ್ತದೆ ನಮಗೆ.)

ಎಲ್ಲ ಮೊಳಕೆ ಮುರಿದರೆ ಮೆಳೆ ಬೆಳೆಯದು, ಆನೆಗೂ ಮೇವಿಲ್ಲ ಎನ್ನುತ್ತಾರೆ. ನಿಜ. ಜೀಪಿನಲ್ಲಿ ಬಂದು ಮೂಟೆಗಟ್ಟಲೆ ಹೊತ್ತೊಯ್ಯುವವರಿದ್ದಾರೆ, ಅವರನ್ನು ಹಿಡಿಯಲಿ. ಆದರೆ ಮೆಳೆಯಲ್ಲಿ ಎಷ್ಟು ಬಿಡಬೇಕು ಎಂಬುದು ಹಾಡಿಯ ಅಜ್ಜಿಗೆ ಗೊತ್ತಿಲ್ಲವೆ? ಹುತ್ತದ ಮೇಲೆ ಎದ್ದ ಅಣಬೆಯನ್ನು ಕಿತ್ತರೂ ಆಕೆ ಹುತ್ತ ಒಡೆಯುವುದಿಲ್ಲ. ಮುಂದಿನ ವರ್ಷದ ಗುಡುಗಿಗೆ ಅಲ್ಲೇ ಏಳಬೇಕು. ಕಳಲೆ ಸುಲಿದು, ಹೆಚ್ಚಿ, ದಿನಾ ನೀರು ಬದಲಿಸಿ ಎರಡು ಮೂರು ದಿನ ನೆನೆಸಿ ವಿಷ ಇಳಿಸುವುದನ್ನು ಪುರವಣಿಯವರು ಕಲಿತದ್ದೂ ಇಂಥವರಿಂದಲೇ. ಕೂಲಿ ನಿಂತ ಮಳೆಗಾಲದಲ್ಲಿ ಪಡಿತರದ ಅಕ್ಕಿಯ ಜೊತೆ ತಟ್ಟೆಗೆ ಬೀಳುವುದು ಇಷ್ಟೇ. ಯಾವುದನ್ನು ಎಷ್ಟು ತೆಗೆಯಬೇಕು ಎಂದು ನಿರ್ಧರಿಸುವ ಅಧಿಕಾರವನ್ನು ಆ ಕಾಯ್ದೆ ಗ್ರಾಮಸಭೆಗೆ ಕೊಟ್ಟಿದೆ. ಅಂಥ ಸಭೆ ನಡೆಯಿತೇ ಎಂದು ನಾವು ಒಮ್ಮೆಯೂ ವರದಿ ಮಾಡಿಲ್ಲ.

ಈ ಮಳೆಗಾಲದಲ್ಲೂ ಆ ಫೋಟೊ ಬರುತ್ತದೆ. ಗೆಳೆಯರೇ, ಫಾರ್ವರ್ಡ್ ಒತ್ತುವ ಮೊದಲು ಕೇಳೋಣ: ಚೀಲದಲ್ಲಿ ಎಷ್ಟು ಕಿಲೋ ಇತ್ತು? ಆ ಹಾಡಿಯವರು ಹಾಕಿದ ಸಮುದಾಯ ಹಕ್ಕಿನ ಅರ್ಜಿ ಯಾರ ಮೇಜಿನ ಮೇಲಿದೆ, ಎಷ್ಟು ವರ್ಷದಿಂದ? ಉತ್ತರ ಸಿಗದಿದ್ದರೆ ‘ಉತ್ತರಿಸಲಿಲ್ಲ’ ಎಂದೇ ಬರೆಯೋಣ. ಆ ಹೆಂಗಸರ ಮುಖವನ್ನಂತೂ ಅಚ್ಚು ಮಾಡುವುದು ಬೇಡ.