ಮಾಳಿಗೆಯ ಮೇಲಿಂದ ಕಾಣುವ ಸಂಚಾರಿ ಚುಕ್ಕಿ

ಪಂಚಾಂಗದಲ್ಲಿಲ್ಲದ ತೇಜೋಬಿಂಬವೊಂದು ಬಿ. ದುರ್ಗದ ಮೇಲೆ ಹಾದುಹೋಗುತ್ತದೆಂದರೆ ಓದುಗರು ನಕ್ಕಾರು. ಅದು ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣ. ಸುಮಾರು 400 ಕಿ.ಮೀ. ಎತ್ತರದಲ್ಲಿದ್ದು, ಒಂದೂವರೆ ಗಂಟೆಗೊಮ್ಮೆ ಭೂಮಿಯನ್ನು ಸುತ್ತುತ್ತದೆ. ನಮಗೆ ಚೆನ್ನಾಗಿ ಕಾಣುವುದು ಮುಸ್ಸಂಜೆ ಕಳೆದ ಮೇಲೆ ಅಥವಾ ನಸುಕಿನಲ್ಲಿ. ಅಂಗಳ ಕತ್ತಲಾಗಿದ್ದರೂ ಅಷ್ಟು ಎತ್ತರದಲ್ಲಿ ಬಿಸಿಲಿರುತ್ತದೆ. ಆ ಬಿಸಿಲಿನಲ್ಲಿ ಬೆಳಗುತ್ತ, ಮಿನುಗದೆ, ಸದ್ದಿಲ್ಲದೆ ಪಡುವಣದಿಂದ ಮೂಡಣಕ್ಕೆ ಸಾಗುತ್ತದೆ. ಕೆಲವೊಮ್ಮೆ ನಡು ಆಗಸದಲ್ಲೇ ಭೂಮಿಯ ನೆರಳನ್ನು ಹೊಕ್ಕು ನಂದಿಹೋಗುತ್ತದೆ. ದೂರದರ್ಶಕ ಬೇಡ, ಬೀದಿದೀಪ ಕಣ್ಣಿಗೆ ಹೊಡೆಯದ ಮಾಳಿಗೆ ಸಾಕು.

ನಮ್ಮ ಮನೆಯ ಮಕ್ಕಳು ಮೊದಲು ಕೇಳುವುದು, "ಅದರೊಳಗೆ ಯಾರಿದ್ದಾರೆ?" ಎಂದು. 2000ದ ನವೆಂಬರಿನಿಂದ ಅಲ್ಲಿ ಜನವಸತಿ ತಪ್ಪಿಲ್ಲ. 2025ರ ಜೂನ್-ಜುಲೈಯಲ್ಲಿ ನಮ್ಮ ದೇಶದ ಶುಭಾಂಶು ಶುಕ್ಲಾ ಅಲ್ಲಿದ್ದರು. ಧಾರವಾಡದ ಕೃಷಿ ವಿಶ್ವವಿದ್ಯಾಲಯದವರ ಪ್ರಯೋಗಕ್ಕಾಗಿ ಹೆಸರು ಮತ್ತು ಮೆಂತ್ಯದ ಕಾಳುಗಳನ್ನು ಅವರು ಅಲ್ಲಿ ಮೊಳೆಯಿಸಿದರು. ಇದನ್ನು ಕೇಳಿ ಮನೆಯ ಹಿರಿಯಾಕೆ, "ಅಲ್ಲಿ ನೀರು ಹೇಗೆ ನಿಂತೀತು?" ಎಂದರು. ಪ್ರಶ್ನೆ ಸಣ್ಣದಲ್ಲ. ಭಾರವೇ ತೋರದೆಡೆ ನೀರು ಕೆಳಗಿಳಿಯದು, ಬೇರಿಗೂ ಕೆಳಗು ಯಾವುದೆಂದು ತಿಳಿಯದು.

ಈ ನಿಲ್ದಾಣವನ್ನು 2030ರವರೆಗೆ ನಡೆಸಿ, ಬಳಿಕ ಜನವಿಲ್ಲದ ಸಾಗರದಲ್ಲಿ ಇಳಿಸುವ ಯೋಜನೆಯನ್ನು ನಾಸಾ ಪ್ರಕಟಿಸಿದೆ. ಮೊಮ್ಮಕ್ಕಳಿಗೆ ತೋರಿಸಲು ಉಳಿದಿರುವ ತಿಳಿಯಾದ ಸಂಜೆಗಳು ಎಣಿಕೆಯವು. ವೇಳೆಯನ್ನು ಗ್ರಹಣದಂತೆ ವರ್ಷಗಳ ಮುಂಚೆ ಗುಣಿಸಿಡಲಾಗದು. ತೆಳುಗಾಳಿಯ ತಡೆಯಿಂದ ಅದು ತುಸುತುಸುವೇ ಇಳಿಯುತ್ತದೆ, ಆಗಾಗ ಮೇಲೆತ್ತಬೇಕಾಗುತ್ತದೆ. ಆದುದರಿಂದ ಆಯಾ ವಾರದ ವೇಳೆಯನ್ನು ತಿಳಿದುಕೊಂಡೇ ಮಾಳಿಗೆ ಹತ್ತಬೇಕು.