ಹಾಲಿಗಿರುವ ಪರೀಕ್ಷೆ ನೀರಿಗೂ ಬೇಡವೇ?

ಮದ್ದೂರು ತಾಲ್ಲೂಕಿನ ಊರುಗಳಲ್ಲಿ ಬೆಳಿಗ್ಗೆ, ಸಂಜೆ ಡೇರಿಯ ಮುಂದೆ ಸಾಲು. ಫ್ಯಾಟ್ ಎಷ್ಟು, ಎಸ್‌ಎನ್‌ಎಫ್ (ಕೊಬ್ಬಲ್ಲದ ಘನಾಂಶ) ಎಷ್ಟು ಎಂದು ನೋಡಿ ಬರೆದುಕೊಂಡ ಮೇಲೆಯೇ ಹಾಲು ಗೆಜ್ಜಲಗೆರೆಯ ಒಕ್ಕೂಟಕ್ಕೆ ಹೋಗುವುದು. ನನ್ನ ಹಸು, ನನ್ನ ಹಾಲು, ಪರೀಕ್ಷಿಸಲು ನೀವ್ಯಾರು ಎಂದು ಯಾರೂ ಜಗಳಕ್ಕೆ ನಿಲ್ಲುವುದಿಲ್ಲ. ಹಿತ್ತಲಿನ ಬೋರ್‌ವೆಲ್ ವಿಷಯಕ್ಕೆ ಬಂದರೆ ಮಾತ್ರ ನಮಗೆ ಈ ವಿವೇಕವಿಲ್ಲ. ನೀರು ತಿಳಿಯಾಗಿದೆ, ಬೇಳೆ ಬೇಯುತ್ತದೆ, ಅಲ್ಲಿಗೆ ಮುಗಿಯಿತು.

ಬೇಳೆ ಬೆಂದರೆ ನೀರು ಗಡುಸಲ್ಲ ಎಂದರ್ಥ, ಅಷ್ಟೆ. ಮಂಡ್ಯ, ಮದ್ದೂರು, ಮಳವಳ್ಳಿಯ ನಾಲೆ ಬಯಲಿನಲ್ಲಿ ಎತ್ತ ನೋಡಿದರೂ ಭತ್ತ, ಕಬ್ಬು. ಬೆಳೆ ಹೀರದೆ ಉಳಿದ ಯೂರಿಯಾ ನೈಟ್ರೇಟಾಗಿ ನೆಲಕ್ಕಿಳಿಯುತ್ತದೆ. ಶೌಚಗುಂಡಿಯಿಂದಲೂ ಅದೇ ಇಳಿಯುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಲೀಟರಿಗೆ 45 ಮಿಲಿಗ್ರಾಂ ದಾಟಬಾರದೆಂದು ಭಾರತೀಯ ಮಾನಕ ಹೇಳುತ್ತದೆ. ಬೇರೆ ನೀರಿಲ್ಲವೆಂದರೂ ರಿಯಾಯಿತಿ ಇಲ್ಲ. ಈ ಮಿತಿ ದಾಟಿದ ನೀರಿನಲ್ಲಿ ಹಾಲಿನ ಪುಡಿ ಕಲಸಿ ಕುಡಿಸಿದರೆ ಎಳೆಗೂಸಿನ ರಕ್ತ ಆಮ್ಲಜನಕ ಹೊರುವ ಶಕ್ತಿಯನ್ನೇ ಕಳೆದುಕೊಳ್ಳಬಹುದು. ಕಾಯಿಸಿದರೆ ರೋಗಾಣು ಸಾಯುತ್ತವೆ, ನೈಟ್ರೇಟ್ ಹೋಗುವುದಿಲ್ಲ. ನೀರು ಕುದ್ದು ಇಂಗಿದಷ್ಟೂ ಅದರ ಪ್ರಮಾಣ ಏರುತ್ತದೆ. ಬ್ಲೀಚಿಂಗ್ ಪುಡಿಯಿಂದಲೂ ಅದು ಹೋಗದು. ಕೇಡು ಯಾವುದೆಂದು ತಿಳಿಯದೆ ಮದ್ದು ಹುಡುಕುವುದು ಹೇಗೆ?

ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಲ್ಲಿ ಕಾವೇರಿ ನೀರನ್ನು ಸೋಸಿ, ಕ್ಲೋರಿನ್ ಬೆರೆಸಿ ಬೆಂಗಳೂರಿಗೆ ಏರಿಸುವ ಕೆಲಸ 1974ರಿಂದ ನಡೆದಿದೆ. 2024ರಲ್ಲಿ ಐದನೇ ಹಂತವೂ ಸೇರಿತು. ದಿನಕ್ಕೆ ಇನ್ನೂ 77.5 ಕೋಟಿ ಲೀಟರ್. ದೂರದ ರಾಜಧಾನಿಗೆ ಹೋಗುವ ನೀರನ್ನು ಪರೀಕ್ಷಿಸಲು ಜನರಿದ್ದಾರೆ. ಆ ಪೈಪು ಹಾದುಹೋಗುವ ಹೊಲದ ಬಾವಿಗೆ ಯಾರೂ ಇಲ್ಲ. ಇದು ನ್ಯಾಯವಲ್ಲ.

ಊರಿನ ನಲ್ಲಿಯೂ ನಿಶ್ಚಿಂತೆಯದಲ್ಲ. ನೀರು ನಿಂತ ಹೊತ್ತಿನಲ್ಲಿ ಒಡೆದ ಪೈಪು ಚರಂಡಿಯ ಕೊಳೆಯನ್ನು ಒಳಗೆಳೆದುಕೊಳ್ಳುತ್ತದೆ. ಟ್ಯಾಂಕಿಗೆ ಕ್ಲೋರಿನ್ ಹಾಕಿದ್ದು ಸಾಲದು, ಕೊನೆಯ ಮನೆಯ ನಲ್ಲಿಯಲ್ಲೂ ಲೀಟರಿಗೆ 0.2 ಮಿಲಿಗ್ರಾಂ ಉಳಿದಿರಬೇಕು.

ಖಾಸಗಿ ಬಾವಿಗೆ ಸರ್ಕಾರದ ದುಡ್ಡೇಕೆ ಎಂದು ಕೇಳುವವರಿದ್ದಾರೆ. ಬಾವಿ ಒಬ್ಬನದಿರಬಹುದು, ನೆಲದಡಿಯ ನೀರಿಗೆ ಬದುವಿಲ್ಲ. ನನ್ನ ಗದ್ದೆಯ ಗೊಬ್ಬರ ಪಕ್ಕದವನ ಬಿಂದಿಗೆಗೆ ಬರುವಾಗ ಅದು ಊರಿನ ಪ್ರಶ್ನೆಯೇ. 2019ರಲ್ಲಿ ಶುರುವಾದ ಜಲಜೀವನ್ ಮಿಷನ್ ಪ್ರತಿ ಹಳ್ಳಿಯಲ್ಲಿ ಐವರು ಮಹಿಳೆಯರಿಗೆ ನೀರು ಪರೀಕ್ಷೆಯ ತರಬೇತಿ ಕೊಡಬೇಕೆನ್ನುತ್ತದೆ. ಅವರ ಕಿಟ್ಟು ಮನೆಮನೆಯ ಬಾವಿಗೂ ಹೋಗಲಿ, ಬಂದ ಅಂಕಿಯನ್ನು ಡೇರಿಯ ಗೋಡೆಯ ಮೇಲೆ ಎಲ್ಲರಿಗೂ ಕಾಣುವಂತೆ ಬರೆಯಲಿ.

ಈ ಮಳೆಗಾಲ ಮುಗಿದೊಡನೆ ನಿಮ್ಮ ಬಾವಿಯ ನೀರನ್ನು ಒಂದು ಶುದ್ಧ ಬಾಟಲಿಯಲ್ಲಿ ತುಂಬಿ ಪಂಚಾಯಿತಿಗೆ ಒಯ್ಯಿರಿ. ಪರೀಕ್ಷೆಯ ಫಲ ಕೈಗೆ ಬರುವವರೆಗೂ ಕೇಳುತ್ತಲೇ ಇರಿ.