ಮನೆಯ ಗಾಡಿಗಳೂ ಒಂದೇ ವಿಮಾಪತ್ರವೂ

ಹಲವು ಗಾಡಿಗಳನ್ನು ಒಂದೇ ವಿಮಾಪತ್ರಕ್ಕೆ ಒಳಪಡಿಸಲು ವಿಮಾ ನಿಯಂತ್ರಣ ಪ್ರಾಧಿಕಾರದವರು 2022ನೆಯ ಇಸವಿಯ ಜುಲೈಯಲ್ಲಿ ಅನುಮತಿಯಿತ್ತರು. ಕಾಗದವೊಂದೇ, ಕಂತಿನ ದಿನವೊಂದೇ ಆಗುವುದು ಗೃಹಸ್ಥರಿಗೆ ಹಿತವೇ ಸರಿ. ಆದರೆ ಆ ಅನುಮತಿಯು ಒಬ್ಬನೇ ಒಡೆಯನ ಹೆಸರಿನಲ್ಲಿರುವ ಕಾರು, ದ್ವಿಚಕ್ರವಾಹನಗಳಿಗೆ ಕೊಡಲ್ಪಟ್ಟುದು. ಕಾರು ಯಜಮಾನರದು, ಸ್ಕೂಟರು ಗೃಹಿಣಿಯದು, ಬೈಕು ಮಗನದು ಎಂಬುದೇ ನಮ್ಮ ಮನೆಗಳ ವಾಡಿಕೆಯಲ್ಲವೆ? ಒಲೆಯೊಂದೇ ಆಗಿರುವ ಇಂತಹ ಮನೆಗಳಿಗೂ ಈ ಅನುಕೂಲವು ವಿಸ್ತರಿಸಬೇಕೆಂಬುದು ನಮ್ಮ ಅಭಿಪ್ರಾಯ.

ಮೇಲಾಗಿ, ಅಂದಿನ ಅನುಮತಿಯು ಸ್ವಂತ ಗಾಡಿಯ ನಷ್ಟಕ್ಕೆ ಸಂಬಂಧಿಸಿದುದು. ಪರರಿಗೊದಗುವ ಹಾನಿಯ ವಿಮೆಯಾದರೋ, 1988ರ ಮೋಟಾರು ವಾಹನ ಶಾಸನದಂತೆ ರಸ್ತೆಗಿಳಿಯುವ ಪ್ರತಿಯೊಂದು ಗಾಡಿಗೂ ಕಡ್ಡಾಯ. ಅದು ತಪ್ಪಿದ್ದಲ್ಲಿ ಪರಿಹಾರದ ಹೊರೆಯು ಒಡೆಯನ ತಲೆಯ ಮೇಲೆಯೇ ಬೀಳುವುದು. ಮೂಲೆಯಲ್ಲಿ ನಿಂತಿರುವ ಹಳೆಯ ಸ್ಕೂಟರಿನ ವಿಮೆಯು ತೀರಿದೆಯೇ ಎಂಬುದನ್ನು ವಾಚಕರು ಇಂದೇ ನೋಡಿಕೊಳ್ಳತಕ್ಕದ್ದು.